ಮೇದಿನಿಯ ಬಳ್ಳಿ

ಹದಿಮೂರು ತುಂಬಿದ ಮಕ್ಕಳಿಗೆಲ್ಲ ಶಾಲೆಯಲ್ಲಿ ಒಂದೊಂದು ಬಳ್ಳಿ ಕೊಡುತ್ತಿದ್ದರು. ಮಗುವಿನ ಮನಸ್ಸು ಕುಗ್ಗಿದರೆ ಬಳ್ಳಿಯೂ ಬಾಡುತ್ತಿತ್ತು. ಆಗ ತಾಯಂದಿರು ಮಗುವಿಗೆ ವಿಟಮಿನ್ ಮಾತ್ರೆ ನುಂಗಿಸುತ್ತಿದ್ದರು. ಒಮ್ಮೆ ಬಾಡಿದ್ದ ಮೇದಿನಿಯ ಬಳ್ಳಿ ಈಗ ಕಿಟಕಿಯ ಸರಳು ದಾಟಿ ಪಕ್ಕದ ಮನೆಯವರ ಬಟ್ಟೆ ಹಗ್ಗಕ್ಕೆ ಹಬ್ಬಿತ್ತು.

“ಏನ್ರೀ ನಾಗವೇಣಿ, ನಿಮ್ಮ ಮಗಳ ಖುಷಿ ನಮ್ಮ ಯಜಮಾನ್ರ ಲುಂಗಿಗೆ ಸುತ್ಕೊಂಡಿದೆ, ಬಿಡಿಸ್ಕೊಳ್ಳಿ!” ಎಂದು ಪಕ್ಕದ ಮನೆಯ ಗಿರಿಜಮ್ಮ ಕೂಗಿದರು.

ನಾಗವೇಣಿ ಹೆಮ್ಮೆಯಿಂದಲೇ ಬಳ್ಳಿಯನ್ನು ಎಳೆದಳು. ಕುಂಡ ಉರುಳಿ, ಮಣ್ಣಿನೊಂದಿಗೆ ಅರೆಕರಗಿದ ಮಾತ್ರೆಗಳೂ ನೆಲಕ್ಕೆ ಚೆಲ್ಲಿದವು.

“ಏನೇ ಇದು? ನೀನು ನುಂಗೋದನ್ನ ಇದಕ್ಕೆ ಹಾಕ್ತಿದ್ಯಾ?”

“ಅದು ಬಾಡಿದ್ರೆ ನೀನು ಅಳ್ತೀಯಲ್ಲಮ್ಮ,” ಎಂದಳು ಮೇದಿನಿ. “ನಾನು ನುಂಗಿದಾಗ ನನಗೇನೂ ಆಗ್ಲಿಲ್ಲ. ಅದಕ್ಕಾದ್ರೂ ಆಗ್ಲಿ ಅಂತ.”

ನಾಗವೇಣಿ ಬಯ್ಯಲು ಬಾಯಿ ತೆರೆದವಳು ಹಾಗೇ ಮಣ್ಣಿನ ಮೇಲೆ ಮಗಳ ಪಕ್ಕ ಕುಳಿತಳು.

“ಬಳ್ಳಿ ಹಾಳಾಗ್ಲಿ. ನಿಂಗೇನಾಗಿದೆ, ಹೇಳು.”

ಬಳ್ಳಿ ಮನೆಗೆ ಬಂದ ಮೇಲೆ ಅವಳು ಈ ಪ್ರಶ್ನೆಯನ್ನು ಕೇಳಿರಲೇ ಇಲ್ಲ.

“ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತಮ್ಮ,” ಎಂದು ಮೇದಿನಿ ಶುರುಮಾಡಿದಳು.

ಗಿರಿಜಮ್ಮ ಲುಂಗಿಗಾಗಿ ಮತ್ತೆ ಮತ್ತೆ ಕೂಗಿದರು. ಇಬ್ಬರೂ ಏಳಲಿಲ್ಲ.