ಪೂಜೆಯಾದ ಮೆಷಿನ್ನು

ಶುರುವಾಗಿದ್ದು ಆಯುಧಪೂಜೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ನಮ್ಮ ಬ್ಯಾಂಕಿನ ಖಾತೆಗಳದೆಲ್ಲ ಇನ್ನೊಂದು ಪ್ರತಿ ಉಳಿಯುವ ಬ್ಯಾಕಪ್ ಮೆಷಿನ್ನಿಗೆ ಮ್ಯಾನೇಜರ್ ಸಾಹೇಬರು ತಾವೇ ಕುಂಕುಮ ಹಚ್ಚಿ, ಹಾರ ಹಾಕಿ, ಮದುವಣಗಿತ್ತಿಯ ಹಾಗೆ ಸಿಂಗರಿಸಿದರು. ಆಮೇಲೆ ಕೋಣೆಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿದರು.

ವಾರ ಕಳೆದ ಮೇಲೆ ಆ ಮೆಷಿನ್ನು ನೋಡಿಕೊಳ್ಳುವ ಶಾರ್ವರಿ ಬಂದಳು.

"ಸಾರ್, ಬ್ಯಾಕಪ್ ಆಗ್ತಿಲ್ಲ ಅಂತ ನನ್ನ ಸ್ಕ್ರೀನು ಹೇಳ್ತಿದೆ. ಒಂದ್ಸಲ ಬೀಗ ತೆಗೀರಿ."

"ನಿನ್ನ ಸ್ಕ್ರೀನಿಗೇನು ಗೊತ್ತಮ್ಮ? ಕಿಟಕಿ ಗಾಜಲ್ಲಿ ದಿನಾ ನೋಡ್ತೀನಿ, ಹಸಿರು ದೀಪ ಮಿಣಮಿಣ ಅಂತಿದೆ. ಪೂಜೆ ಆಗಿರೋ ಮೆಷಿನ್ನು, ಸುಮ್ನೆ ಮುಟ್ಟಬಾರದು."

"ಏನಾದ್ರೂ ಆದ್ರೆ ನನ್ನ ಕೆಲಸ ಹೋಗುತ್ತೆ ಸಾರ್."

"ನಾನಿದ್ದೀನಲ್ಲಮ್ಮ!"

ದೀಪಾವಳಿ ಕಳೆದ ಬುಧವಾರ ದೊಡ್ಡ ಸರ್ವರ್ ಸುಟ್ಟುಹೋಯಿತು. ಖಾತೆಗಳೆಲ್ಲ ಮಾಯ. ಸಾಹೇಬರು ಗತ್ತಿನಿಂದ ಬೀಗ ತೆಗೆದರು. ಹಾರ ಒಣಗಿತ್ತು. ಬ್ಯಾಕಪ್ ಮೆಷಿನ್ನಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಸಾಕೆಟ್ಟಿಗೆ ಪೂಜೆಯ ದಿನ ಸಾಹೇಬರೇ ಸಿಕ್ಕಿಸಿದ್ದ ಅಲಂಕಾರದ ಸೀರಿಯಲ್ ಸೆಟ್ಟು ಹಸಿರಾಗಿ ಮಿಣುಕುತ್ತಿತ್ತು.

ಕೊಟ್ಟ ಮಾತಿನಂತೆ ಸಾಹೇಬರು ಇದ್ದಾರೆ. ಶುಕ್ರವಾರ ಕೆಲಸ ಹೋದದ್ದು ಶಾರ್ವರಿಯದು.