ಹದಿನೆಂಟು ಗ್ರಾಂ ತಗಡು

ತಕ್ಕಡಿಯ ಮುಳ್ಳು ಹದಿನೆಂಟು ಗ್ರಾಂಗೆ ನಿಂತಿತು. ರಾಕೆಟ್ಟಿನ ತುದಿಯ ಹಂತದಲ್ಲಿ ಹೆಚ್ಚಾಗಿದ್ದ ತೂಕವೂ ಅಷ್ಟೇ. ತಟ್ಟೆಯಲ್ಲಿದ್ದದ್ದು, ರಾಕೆಟ್ ಜೋಡಿಸುವ ಶೆಡ್ಡಿನ ಫಿಟರಕ್ಕ ಆ ಹಂತಕ್ಕೆ ಗುಟ್ಟಾಗಿ ಬಡಿದು ಕೂರಿಸಿದ್ದ ತಗಡು. ಅದರ ಮೇಲೆ ಶೆಡ್ಡಿನ ಕೆಲಸಗಾರರೆಲ್ಲರ ಹೆಸರು.

“ಕಕ್ಷೆಗೆ ಹೋಗೋ ಹಂತ ಅಕ್ಕ ಇದು. ಇಲ್ಲಿನ ಒಂದೊಂದು ಗ್ರಾಮೂ ಉಪಗ್ರಹದ ಬಾಯಿಂದ ಕಿತ್ಕೊಂಡಿದ್ದು,” ಎಂದ ಎಂಜಿನಿಯರ್. ತೂಕ ಇಳಿಸಲು ಬೋಲ್ಟಿನ ತುದಿಗಳನ್ನೂ ಅರದಿಂದ ಉಜ್ಜಿಸಿದ್ದ ಆಸಾಮಿ ಅವನು.

ಅವಳು ತಗಡು ಹಿಡಿದು ಏಣಿ ಇಳಿದಳು. ಬುಡದ ಹಂತದ ಪಕ್ಕ ಕೂತು ಅದನ್ನು ಅಲ್ಲಿಗೆ ಬಡಿದಳು.

“ಈ ಹಂತ ಎರಡೇ ನಿಮಿಷಕ್ಕೆ ಕಳಚಿ ಸಮುದ್ರಕ್ಕೆ ಬೀಳುತ್ತೆ,” ಎಂದ ಹಿಂದೆಯೇ ಇಳಿದು ಬಂದ ಎಂಜಿನಿಯರ್.

“ಅದಕ್ಕೇ ಅಲ್ವಾ ಸರ್, ಇಲ್ಲಿ ಇದರ ಭಾರ ಅಷ್ಟು ಲೆಕ್ಕಕ್ಕಿಲ್ಲದ್ದು? ಎತ್ತಿ ಕೊಡೋರು ನಾವು. ಮೇಲೆ ಹೋಗಿ ಏನ್ಮಾಡೋಣ?”

ಎಂಜಿನಿಯರ್ ಬಗ್ಗಿ ಹೆಸರುಗಳನ್ನು ಎರಡೆರಡು ಸಲ ಓದಿದ. “ನನ್ನ ಹೆಸರೇ ಇಲ್ವಲ್ಲ ಅಕ್ಕ?”

“ಬರೆದಿದ್ರೆ ಭಾರ ಆಗುತ್ತೆ ಅಂತ ಬೈತಿದ್ರಿ,” ಎನ್ನುತ್ತಾ ಅವಳು ಉಳಿಯನ್ನು ಅವನ ಕೈಗಿಟ್ಟಳು. “ಈಗ ಕೊರ್ಕೊಳ್ಳಿ.”