ಗುಡಿಸಿದ ಗೆರೆ

“ಔಟ್!” ಎಂದು ಅಮರ್ ತೋರುಬೆರಳೆತ್ತಿದ. ಕೆಳಹಂತದ ಟೆನಿಸ್ ಟೂರ್ನಿಗಳಲ್ಲಿ ಗೆರೆ ಕಾಯುವವರು ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡಿಗೆ ಆಟಗಾರನೇ ತೀರ್ಪು ಹೇಳಬೇಕು. ಇದು ಔಟಾದರೆ ಪಂದ್ಯ ಅವನದು. ರಾಕೆಟ್ ಚೀಲವನ್ನೇ ತಲೆದಿಂಬು ಮಾಡಿಕೊಂಡು ರೈಲಿನಲ್ಲಿ ಊರೂರು ಅಲೆದು ಸೋತವನಿಗೆ, ಕೊನೆಗೂ ತನ್ನ ಮೈಸೂರಿನಲ್ಲೇ ಮೊದಲ ಗೆಲುವು.

ಉಜ್ಬೇಕಿಸ್ತಾನದ ಎದುರಾಳಿ ಒಪ್ಪಲಿಲ್ಲ. ಕೆಂಪು ಮಣ್ಣಿನಲ್ಲಿ ಚೆಂಡಿನ ಗುರುತಿದೆ, ರೆಫ್ರಿಯೇ ನೋಡಲಿ ಎಂದು ಹಟ ಹಿಡಿದ. ಇಬ್ಬರೂ ಪಕ್ಕದ ಅಂಕಣಕ್ಕೆ ಹೋಗಿ ರೆಫ್ರಿಯನ್ನು ಕರೆತಂದರು. ಅಷ್ಟರಲ್ಲಿ, ಮೊಮ್ಮಗನ ಆಟ ನೋಡಲು ಅಶೋಕಪುರಂನಿಂದ ಬಂದಿದ್ದ ಮಂಚಮ್ಮ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಪೊರಕೆಯಿಂದ ಆ ಗೆರೆಯುದ್ದಕ್ಕೂ ಮನೆ ಅಂಗಳದಂತೆ ಗುಡಿಸಿ ಮುಗಿಸಿದ್ದರು.

ರೆಫ್ರಿ ಬಗ್ಗಿ ನೋಡಿದರು. ಗುರುತೂ ಇಲ್ಲ, ಧೂಳೂ ಇಲ್ಲ. ವಯಸ್ಸಾದವರು, ಗೊತ್ತಾಗದೆ ಗುಡಿಸಿದ್ದಾರೆ ಎಂದು ಎದುರಾಳಿಗೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿ, ಗುರುತಿಲ್ಲದ ಮೇಲೆ ಅಮರ್ ಹೇಳಿದ್ದೇ ಕೊನೆ ಎಂದರು.

“ಯಾಕಜ್ಜಿ ಗುಡಿಸ್ಬುಟ್ಟೆ? ಔಟೇ ಆಗಿತ್ತಲ್ಲ!” ಎಂದ ಅಮರ್.

“ಎಲ್ಲಿ ಔಟು? ಗೆರೆ ಮೇಲೇ ಬಿದ್ದಿತ್ತು ಕಣೋ,” ಎಂದರು ಮಂಚಮ್ಮ, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ. “ಅದ್ಕೇ ಗುಡಿಸ್ದೆ. ಎದರ್ಕೋಬೇಡ ಬುಡು, ಆ ಹುಡುಗಂಗೆ ಕನ್ನಡ ಬರಕಿಲ್ಲ.”

ಆ ಹುಡುಗನಿಗೆ ಬರುತ್ತಿರಲಿಲ್ಲ, ನಿಜ. ಪಕ್ಕದಲ್ಲೇ ನಿಂತಿದ್ದ ರೆಫ್ರಿ ಇಲ್ಲೇ ಮೈಸೂರು ಬಳಿಯ ಇಲವಾಲದವರು.